ಜಗಳ ಗುಡಿಸುವ ರೈಯಾ

ನವೆಂಬರಿನ ಒಂದು ಶನಿವಾರದ ಬೆಳಗು. ಉತ್ತರದ ಹಿಮನಾಡಿನ ಔಲು ಪಟ್ಟಣದ ತುಯಿರಾ ಬಡಾವಣೆಯಲ್ಲಿ ಇನ್ನೂ ಬೀದಿದೀಪಗಳದ್ದೇ ರಾಜ್ಯಭಾರ. ಮೂರು ವಸತಿ ಕಟ್ಟಡಗಳ ನಡುವಿನ ಅಂಗಳದಲ್ಲಿ ರೈಯಾ ಹೌಟಾಲ ಅಗಲಬಾಯಿಯ ಸಲಿಕೆ ಹಿಡಿದು, ರಾತ್ರಿಯಿಡೀ ಸುರಿದ ಹಿಮವನ್ನು ಸೈಕಲ್ ಚಪ್ಪರದ ಪಕ್ಕಕ್ಕೆ ತಳ್ಳುತ್ತಿದ್ದಾರೆ. ಮೆಟ್ಟಿಲು ಕೆರೆದು, ಯಾರೂ ಜಾರಿ ಬೀಳದಂತೆ ಜಲ್ಲಿಪುಡಿ ಎರಚಿ, ಬಾಗಿಲ ಮುಂದಿನ ಕಾಲೊರಸಿಗೂ ಎರಡೇಟು ಕೊಟ್ಟು ಕೊಡವುತ್ತಾರೆ. ವಯಸ್ಸು ಅರವತ್ತರ ಹತ್ತಿರ. ನಡು ನೋಯುವುದಿಲ್ಲವೇ ಎಂದು ಕೇಳಿದರೆ, "ನೋಯುತ್ತೆ. ನಡು ಇರೋದೇ ಅದಕ್ಕೆ" ಎನ್ನುತ್ತಾರೆ.

ಎರಡನೇ ಮಹಡಿಯ ಬಾಲ್ಕನಿಯಿಂದ ಲೆಂಪಿ ಅಜ್ಜಿ ಇಣುಕುತ್ತಾರೆ. ಈ ಕಟ್ಟಡದ ಯಾವ ಸುದ್ದಿಯೂ ಅವರ ಕಣ್ಣು ತಪ್ಪಿಸಿ ಹೋಗುವುದಿಲ್ಲ.

"ಏನೇ ರೈಯಾ, ಹಿಮ ಎತ್ತೋದನ್ನ ನೋಡೋಕೂ ಪೇಪರ್‌ನೋರು ಬರ್ತಾರಾ ಈಗ?"

"ನಿನ್ನನ್ನ ನೋಡೋಕೆ ಬಂದಿದಾರೆ. ಹಲ್ಲು ಹಾಕ್ಕೊಂಡು ಬಾ."

"ಇವಳು ಗುಡಿಸಿದ ಮೇಲೆ ಹಿಮ ಬಿದ್ದಿತ್ತು ಅನ್ನೋ ಗುರುತೇ ಇರಲ್ಲ. ಬರ್ಕೊಳ್ಳಿ!" ಎಂದು ಕೂಗಿ ಅಜ್ಜಿ ಬಾಗಿಲು ಹಾಕಿಕೊಳ್ಳುತ್ತಾರೆ. ಹೊಗಳಿಕೆ ಕೇಳಿ ರೈಯಾ ತಲೆ ತಗ್ಗಿಸುತ್ತಾರೆ. ನೋಡಿದವರಿಗೆ ಸಂಕೋಚದ ಹೆಂಗಸು ಅನ್ನಿಸಬೇಕು. ಅದು ಸಂಕೋಚವಲ್ಲ, ನಾಚಿಕೆ ಎಂದು ತಿಳಿಯಲು ಸೋಮವಾರದವರೆಗೆ ಕಾಯಬೇಕಾಯಿತು.

ಅಂಗಳ ಮುಗಿದ ಮೇಲೆ ರೈಯಾ ನೆಲಮಾಳಿಗೆಗೆ ಇಳಿಯುತ್ತಾರೆ. ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ ಅವರದೊಂದು ಚಿಕ್ಕ ಕೋಣೆ ಇದೆ. ಒಂದು ಮೇಜು, ಫ್ಲಾಸ್ಕಿನಲ್ಲಿ ಕಾಫಿ, ಒದ್ದೆ ಕೈಗವಸು ಒಣಗಲು ಬಿಸಿನೀರಿನ ಕೊಳವೆ, ಹಳೆಯದೊಂದು ಕಂಪ್ಯೂಟರು. ಅವರ ಎರಡನೇ ಅಂಗಳ ಇರುವುದು ಆ ಕಂಪ್ಯೂಟರಿನೊಳಗೆ.

ಪೊಲ್ಕು ಎಂಬ ತಂತ್ರಾಂಶವೊಂದಿದೆ. ಪೊಲ್ಕು ಅಂದರೆ ಇಲ್ಲಿಯ ಮಾತಿನಲ್ಲಿ ಕಾಲುದಾರಿ. ಯಾವ ಬಸ್ಸು ಹತ್ತಿ, ಎಲ್ಲಿಳಿದು, ಯಾವ ದೋಣಿ ಹಿಡಿದರೆ ಊರು ಮುಟ್ಟಬಹುದು ಎಂದು ಅದು ಹೇಳುತ್ತದೆ. ಉತ್ತರದ ಎಷ್ಟೋ ಪುರಸಭೆಗಳ ಬಸ್ ನಿಲ್ದಾಣಗಳಲ್ಲಿ ಓಡುವುದು ಅದೇ. ಮುಕ್ತ ತಂತ್ರಾಂಶ; ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅದನ್ನು ಕಟ್ಟುವವರು, ಬಳಸುವವರು, ಎರಡೂ ಮಾಡದೆ ಬರೀ ಬಾಯಿ ಮಾಡುವವರು, ಎಲ್ಲರೂ ಸೇರುವ ಒಂದು ಆನ್‌ಲೈನ್ ಕಟ್ಟೆ ಇದೆ. ಆ ಕಟ್ಟೆಗೆ ರೈಯಾ ಕಾವಲು. ಸಂಬಳವಿಲ್ಲದ ಕೆಲಸ. ನಾವು ಮಲಗಿರುವಾಗ ಅಮೆರಿಕ ಎದ್ದಿರುತ್ತದೆ. ಎದ್ದಿದ್ದು ಸುಮ್ಮನಿರದೆ ಜಗಳವಾಡುತ್ತದೆ.

"ಬೆಳಿಗ್ಗೆ ನೋಡಿದ್ರೆ ಮೊಣಕಾಲುದ್ದ ಬಿದ್ದಿರುತ್ತೆ" ಎನ್ನುತ್ತಾರೆ ರೈಯಾ. "ಕತ್ತೆ ಅಂತಾನೆ ಒಬ್ಬ, ಕಂಪನಿ ನಾಯಿ ಅಂತಾನೆ ಇನ್ನೊಬ್ಬ. ಯಾರದೋ ಅಮ್ಮನ್ನ ಎಳ್ಕೊಂಡು ಬರ್ತಾನೆ ಮತ್ತೊಬ್ಬ. ಕಾಫಿ ಆರೋದ್ರೊಳಗೆ ಎಲ್ಲಾ ಎತ್ತಿ ಹಾಕ್ತೀನಿ. ಜನ ಎದ್ದು ಬರೋಷ್ಟೊತ್ತಿಗೆ ಚೊಕ್ಕ ಇರ್ಬೇಕು."

ಅಂಗಳದ ಕೆಲಸಕ್ಕೆ ಬರುವ ಮೊದಲು ರೈಯಾ ಇದೇ ಊರಿನ ಫೋನ್ ಕಾರ್ಖಾನೆಯಲ್ಲಿದ್ದರು. ಹೊಸ ಫೋನುಗಳ ಗುಂಡಿ ಒತ್ತಿ ಒತ್ತಿ ತಪ್ಪು ಹುಡುಕುವ ಕೆಲಸ. ಕಾರ್ಖಾನೆ ಮುಚ್ಚುತ್ತೇವೆಂದು ಹೇಳಲು ಒಂದು ದಿನ ಎಲ್ಲರನ್ನೂ ಊಟದ ಸಭಾಂಗಣದಲ್ಲಿ ಸೇರಿಸಿದರು. ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಮೇಲಿನವರು ಕೇಳಿದರು. ನೂರಾರು ಜನ, ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. "ದೊಡ್ಡೋರು ತೀರ್ಮಾನ ಮಾಡಿ ಆದ್ಮೇಲೆ ನಮ್ಮದೇನು ಮಾತು ಅಂತ ಎದ್ದು ಬಂದ್ವಿ. ಸಾರು ಚೆನ್ನಾಗಿತ್ತು ಅವತ್ತು" ಎಂದು ನಗುತ್ತಾರೆ.

ಆಮೇಲಿನ ಖಾಲಿ ದಿನಗಳಲ್ಲಿ ಹೊತ್ತು ಹೋಗದೆ ಊರ ಗ್ರಂಥಾಲಯದಲ್ಲಿ ಸಂಜೆ ನಡೆಯುತ್ತಿದ್ದ ಕಂಪ್ಯೂಟರ್ ತರಗತಿಗೆ ಹೋದರು. ಹೇಳಿಕೊಡುತ್ತಿದ್ದವರು ಎನ್ಸಿಯೊ ಪಕ್ಕಲ. ಪೊಲ್ಕುವಿನ ಮೊದಲ ಸಾಲು ಬರೆದವರು ಅವರೇ. ಎನ್ಸಿಯೊಗೆ ಮಾತು ತೊದಲುತ್ತದೆ. ಒಂದೊಂದು ಪದಕ್ಕೂ ಗುದ್ದಾಡಬೇಕು. ಆ ಗುದ್ದಾಟದಲ್ಲೇ ಒಂದು ಸಂಜೆ ರೈಯಾಗೆ ಹೇಳಿದರು: "ನೀ... ನೀನು ತಪ್ಪು ಹುಡುಕೋದ್ರಲ್ಲಿ ಗಟ್ಟಿಗಿತ್ತಿ. ನಮ್ಮ ಜೊತೆ ಬಾ." ಕಾರ್ಖಾನೆಗೆ ಬೇಡವಾದವಳನ್ನು ಬೇಕು ಎಂದ ಮೊದಲ ಮನುಷ್ಯ ಅವರು. ಮುಂದೆ ಕಟ್ಟೆ ಬೆಳೆದು ಗಲಾಟೆ ಹೆಚ್ಚಿದಾಗ ಅದರ ಬೀಗದ ಕೈಯನ್ನು, ಅಂದರೆ ಬೇಡದ ಮಾತು ಅಳಿಸುವ ಅಧಿಕಾರವನ್ನು, ರೈಯಾಗೆ ಕೊಟ್ಟವರೂ ಅವರೇ.

ಈ ವರ್ಷದ ಗಲಾಟೆ ಬೇರೆಯದು. ಸಮುದ್ರದಾಚೆಯ ದೊಡ್ಡ ಪ್ರಯಾಣ ಕಂಪನಿಯೊಂದು ಪೊಲ್ಕುವನ್ನು ತನ್ನ ಹೊಟ್ಟೆಯೊಳಗಿಟ್ಟುಕೊಂಡು ವ್ಯಾಪಾರ ಮಾಡುತ್ತದೆ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಬೇಸಿಗೆಯಲ್ಲಿ ಆ ಕಂಪನಿಯವರು, ಪೊಲ್ಕುವಿನ ಹೆಸರು ಮತ್ತು ನಿಯಮಗಳು ನಮ್ಮ ಕೈಗೆ ಬರಲಿ, ಚೆನ್ನಾಗಿ ನಡೆಸುತ್ತೇವೆ ಎಂದರು. ಕಟ್ಟೆ ಎರಡಾಯಿತು. ಈಗ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುವವರು ಕಂಪನಿಯ ಎಂಜಿನಿಯರುಗಳೇ, ದುಡಿಯುವವರ ಮಾತು ನಡೆಯಬಾರದೇ ಎಂದರು ಕೆಲವರು. ಅದು ತಳ್ಳಿಹಾಕುವ ಮಾತೂ ಅಲ್ಲ. ಎನ್ಸಿಯೊ ಒಪ್ಪಲಿಲ್ಲ. "ಕಾಡಿನ ಹಣ್ಣು ಯಾರು ಬೇಕಾದರೂ ಕೊಯ್ಯಲಿ, ಬಕೆಟ್‌ಗಟ್ಟಲೆ ಕೊಯ್ಯಲಿ. ಬಹಳ ಕೊಯ್ದೆ ಅಂತ ಕಾಡಿಗೇ ಬೇಲಿ ಹಾಕೋ ಹಾಗಿಲ್ಲ" ಎಂದು ಬರೆದರು. ಬರೆಯುವಾಗ ಅವರ ಮಾತು ತೊದಲುವುದಿಲ್ಲ.

ಅಂದಿನಿಂದ ಒಬ್ಬ ಅವರ ಬೆನ್ನು ಹತ್ತಿದ. ಬೂದುತೋಳ ಎಂದು ಹೆಸರಿಟ್ಟುಕೊಂಡವನು; ಕಂಪನಿಯವನೋ, ಕೆಲಸವಿಲ್ಲದ ಪೋಲಿಯೋ, ಯಾರಿಗೂ ಗೊತ್ತಿಲ್ಲ. ಎನ್ಸಿಯೊ ಯಾವುದೋ ಸಮ್ಮೇಳನದಲ್ಲಿ ಮಾತಾಡಿದ ವಿಡಿಯೊ ಹುಡುಕಿ ತೆಗೆದು, ದಿನಾ ರಾತ್ರಿ ಅವರು ತೊದಲಿದಂತೆಯೇ ಅಕ್ಷರ ಮುರಿದು ಮುರಿದು ಅಣಕಿಸಿ ಬರೆಯತೊಡಗಿದ. ನಾಲಿಗೆಯೇ ನಿಲ್ದಾಣ ಮುಟ್ಟದವನು ಊರಿಗೆ ಬಸ್ಸು ತೋರಿಸುತ್ತಾನಂತೆ ಎಂದು ಬರೆದ. ಬೆಳಿಗ್ಗೆ ರೈಯಾ ಅದನ್ನೆಲ್ಲ ಅಳಿಸುತ್ತಿದ್ದರು. ಕಟ್ಟೆಯ ನಿಯಮದಂತೆ, ಅಳಿಸಿದ ಕಡೆ 'ಇಲ್ಲಿದ್ದ ಮಾತನ್ನು ತೆಗೆದಿದೆ' ಎಂಬ ಒಂದು ಸಾಲು ಉಳಿಸಬೇಕು, ತೆಗೆದದ್ದರ ಪ್ರತಿ ಇಡಬೇಕು. ರೈಯಾ ಅದನ್ನು ಬಿಟ್ಟು ಬಹಳ ಕಾಲವಾಗಿತ್ತು. ಗುರುತು ಕಂಡರೆ ಜನ ಅದರ ಸುತ್ತ ಮತ್ತೆ ಕಚ್ಚಾಡುತ್ತಾರೆ. ಚೊಕ್ಕ ಅಂದಮೇಲೆ ಚೊಕ್ಕ ಇರಬೇಕು.

ಎನ್ಸಿಯೊ ರಾತ್ರಿ ಓದುತ್ತಿದ್ದರು, ಹಲ್ಲು ಕಚ್ಚಿಕೊಂಡು ಮಲಗುತ್ತಿದ್ದರು. ಕಳೆದ ಗುರುವಾರ ತಡೆಯಲಾಗಲಿಲ್ಲ. ನಡುಹಗಲು ಕೂತು, ನಿಮ್ಮ ಕಂಪನಿಗೆ ಬೆಂಕಿ ಬೀಳಲಿ, ನಿಮ್ಮ ಕೈ ಕೊಳೆತು ಹೋಗಲಿ ಎಂದು ಶಾಪ ಹಾಕಿ ಬರೆದರು. ಅಷ್ಟರಲ್ಲಿ ರೈಯಾ ಬೆಳಗಿನ ಗುಡಿಸಾಟ ಮುಗಿಸಿಯಾಗಿತ್ತು. ಅಣಕ ಇರಲಿಲ್ಲ, ಅಣಕಿಸಿದವನ ಸುಳಿವೂ ಇರಲಿಲ್ಲ. ಬಸ್ ವೇಳಾಪಟ್ಟಿಯ ಬಗ್ಗೆ ಯಾರೋ ಪಾಪದವರು ಕೇಳಿದ ಪ್ರಶ್ನೆಯ ಕೆಳಗೆ ಎನ್ಸಿಯೊ ಶಾಪ ಒಂಟಿಯಾಗಿ ನಿಂತಿತ್ತು. ಓದಿದವರೆಲ್ಲ ಈ ಮನುಷ್ಯನಿಗೆ ತಲೆ ಕೆಟ್ಟಿದೆ ಅಂದುಕೊಂಡರು.

ಮರುದಿನ ಕಂಪನಿಯ ಟ್ರೆವರ್ ಎಂಬವರು, ಬಹಳ ಮರ್ಯಾದೆಯ ಭಾಷೆಯಲ್ಲಿ, ಎನ್ಸಿಯೊ ಅವರನ್ನು ಕಟ್ಟೆಯಿಂದಲೂ ಪೊಲ್ಕುವಿನಿಂದಲೂ ಹೊರಗಿಡಬೇಕು ಎಂದು ಸೂಚನೆ ಮಂಡಿಸಿದರು. ಇಂಥ ಕೂಟಗಳಲ್ಲಿ ಕೈ ಎತ್ತಿಸುವ ಪದ್ಧತಿಯಿಲ್ಲ. ಮೂರು ದಿನ ಕಾಯುತ್ತಾರೆ. ಯಾರ ಮೇಲೆ ಸೂಚನೆಯೋ ಅವರನ್ನು ಬಿಟ್ಟು ಕಟ್ಟೆಯ ಉಳಿದವರಲ್ಲಿ ಒಬ್ಬರಾದರೂ ಕಾರಣ ಕೊಟ್ಟು ಬೇಡವೆಂದರೆ ಸೂಚನೆ ಬಿದ್ದುಹೋಗುತ್ತದೆ, ಯಾರೂ ಸೊಲ್ಲೆತ್ತದಿದ್ದರೆ ಒಪ್ಪಿದಂತೆ. ಮೌನಂ ಸಮ್ಮತಿ ಲಕ್ಷಣಂ ಎಂಬ ಹಳೆಯ ಮಾತನ್ನೇ ಇವರು ನಿಯಮ ಮಾಡಿಕೊಂಡಿದ್ದಾರೆ. ಎನ್ಸಿಯೊ, ನನ್ನನ್ನು ತಿಂಗಳುಗಟ್ಟಲೆ ಅಣಕಿಸುತ್ತಿದ್ದರು ಎಂದು ಬರೆದರು. ಎಲ್ಲಿ, ತೋರಿಸಿ ಎಂದರು ಟ್ರೆವರ್. ತೋರಿಸಲು ಏನೂ ಉಳಿದಿರಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಎನ್ಸಿಯೊಗೆ ಮಾತಿನ ಬಾಯಿ ಮೊದಲೇ ಇರಲಿಲ್ಲ, ಬರಹದ ಬಾಯಿಯೂ ಈಗ ಕಟ್ಟಿತು.

ಶನಿವಾರ ಬೆಳಿಗ್ಗೆ, ಈ ಕೋಣೆಯಲ್ಲಿ ಕಾಫಿ ಬಗ್ಗಿಸುತ್ತಿರುವಾಗಲೇ ರೈಯಾ ಫೋನು ಬಡಿದುಕೊಳ್ಳುತ್ತದೆ. ಆಚೆಯ ದನಿ ಪದಕ್ಕಾಗಿ ಒದ್ದಾಡುವುದು ಮೇಜಿನ ಈಚೆಗೂ ಕೇಳಿಸುತ್ತದೆ.

"ರೈ... ರೈಯಾ. ನೀ... ನೀನು ನೋಡಿದೀಯಲ್ಲ?"

"ಹೂಂ... ಈಗ ಕೆಲಸದಲ್ಲಿದೀನಿ, ಎನ್ಸಿಯೊ. ಜನ ಬಂದಿದಾರೆ."

ಫೋನು ಇಟ್ಟ ಮೇಲೆ ಅವರು ಕಾಫಿ ಬಗ್ಗಿಸಿದ್ದನ್ನು ಮರೆತು ಮತ್ತೆ ಅದೇ ಲೋಟಕ್ಕೆ ಬಗ್ಗಿಸುತ್ತಾರೆ. ಮೇಜಿನ ಮೇಲೆ ಚೆಲ್ಲುತ್ತದೆ. ಯಾರು ಎಂದು ಕೇಳಿದರೆ, "ಪರಿಚಯದೋರು" ಎನ್ನುತ್ತಾರೆ. ತಮ್ಮನ್ನು ಬದುಕಿಗೆ ಎಳೆದುಕೊಂಡು ಬಂದ ಮನುಷ್ಯ ಬರೀ ಪರಿಚಯದವನಾಗಿ ಹೋದ. ಆ ಮಾತು ಬಾಯಿಂದ ಬಿದ್ದ ಗಳಿಗೆಯಲ್ಲಿ ಭೂಮಿ ಬಾಯಿಬಿಡಬಾರದೇ ಅನ್ನಿಸಿತಂತೆ. ಸೋಮವಾರ ಹೇಳಿದ್ದು ಇದು.

ಹೆದರಿಕೆ ಕಂಪನಿಯದಾಗಿರಲಿಲ್ಲ. ಬೇಡ ಎನ್ನಬೇಕಾದರೆ ಕಾರಣ ಕೊಡಬೇಕು. ಕಾರಣ ಕೊಡಬೇಕಾದರೆ, ಅಳಿಸಿದವಳು ನಾನು, ಗುರುತಿಲ್ಲದಂತೆ ಅಳಿಸಿದವಳು ನಾನು ಎನ್ನಬೇಕು. ಜಗಳವಿಲ್ಲದ ಕಟ್ಟೆ ಎಂದರೆ ಪೊಲ್ಕುವಿನದು ಎಂದು ಬೇರೆ ಕಟ್ಟೆಯವರು ಉದಾಹರಣೆ ಕೊಡುತ್ತಾರೆ. ಕಾರ್ಖಾನೆ ಬಿಟ್ಟ ಮೇಲೆ ರೈಯಾಗೆ ಸಿಕ್ಕ ಒಂದೇ ಹೆಸರು ಅದು. ಅದನ್ನು ತಾನೇ ಕೈಯಾರೆ ಒಡೆಯಬೇಕು. ಬೇರೆ ಯಾರಾದರೂ ಬಾಯಿ ಬಿಟ್ಟಾರು ಎಂದು ಕಾದರು. ಬೇರೆಯವರೂ ಇನ್ಯಾರನ್ನೋ ಕಾಯುತ್ತಿದ್ದರು.

ಭಾನುವಾರ ಸಂಜೆ ಸೌನಾದಲ್ಲಿ, ಮನೆಯ ಉಗಿಸ್ನಾನದ ಕೋಣೆಯ ಬಿಸಿಯಲ್ಲಿ, ಕೂತು ಗಂಡ ಓಯ್ವನಿಗೆ ಹೇಳಿದರು. ಓಯ್ವ ನಿವೃತ್ತ ಬಸ್ ಚಾಲಕ. ಬೆವರು ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡು, ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಸುರಿದು ಹೇಳಿದರು:

"ಸುಮ್ನಿದ್ರೆ ಒಪ್ಪಿದ ಹಾಗಂತಾ? ಆ ನಿಯಮ ಮಾಡ್ದೋನು ನಮ್ಮ ದೇಶ ನೋಡಿಲ್ಲ, ಇಲ್ಲಿ ಬಾಯಿ ಬಿಡೋರೇ ಕಮ್ಮಿ. ಹಾಗಾದ್ರೆ ನಾನು ನಿಮ್ಮಮ್ಮ ಹೇಳಿದ್ದಕ್ಕೆಲ್ಲ ಒಪ್ಪಿದೀನಿ ಅಂತಾಯ್ತು."

"ತಮಾಷೆ ಬೇಡ ಕಣೋ."

"ತಮಾಷೆ ಅಲ್ಲ. ಸುಮ್ನಿರೋದ್ರಲ್ಲೂ ಬೇರೆ ಬೇರೆ ಇರುತ್ತೆ. ನಾನು ಸುಮ್ನಿದ್ದಿದ್ದು ಊಟ ಮಾಡೋಕೆ. ನೀನು ಯಾತಕ್ಕೆ ಸುಮ್ನಿದೀಯ?"

ಮೈಮೇಲೆ ಬಟ್ಟೆಯಿಲ್ಲದೆ ಕೂತಾಗ ಯಾವತ್ತೂ ಆಗದ ನಾಚಿಕೆ ಅಂದು ಆಯಿತು ಎನ್ನುತ್ತಾರೆ ರೈಯಾ.

ಸೋಮವಾರ ಬೆಳಿಗ್ಗೆ ಹಿಮ ಎತ್ತದೆಯೇ ನೆಲಮಾಳಿಗೆಗೆ ಇಳಿದರು. ಗಡುವಿಗೆ ಇನ್ನೂ ಕೆಲವು ಗಂಟೆ ಇತ್ತು. ಟ್ರೆವರ್ ಸೂಚನೆಯ ಕೆಳಗೆ ಬರೆದರು: 'ನನಗೆ ಒಪ್ಪಿಗೆ ಇಲ್ಲ. ಎನ್ಸಿಯೊ ಉತ್ತರ ಕೊಟ್ಟ ಮಾತುಗಳು ಅಲ್ಲಿದ್ದವು. ಬೂದುತೋಳ ಅವರ ತೊದಲನ್ನು ತಿಂಗಳುಗಟ್ಟಲೆ ಅಣಕಿಸುತ್ತಿದ್ದ. ಅದನ್ನೆಲ್ಲ ಅಳಿಸಿದವಳು ನಾನು. ನಿಯಮ ಮುರಿದು, ಗುರುತು ಉಳಿಸದೆ ಅಳಿಸಿದೆ. ಮೊದಲ ದಿನವೇ ಹೇಳಬೇಕಿತ್ತು.' ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದರಂತೆ. ಮೇಲಿನಿಂದ ಲೆಂಪಿ ಅಜ್ಜಿ, ಮೆಟ್ಟಿಲೆಲ್ಲ ಹಿಮ, ಸತ್ತೆಯೋ ಬದುಕಿದ್ದೀಯೋ ಎಂದು ಕೂಗತೊಡಗಿದ ಮೇಲೆ ಒತ್ತಿ, ಸಲಿಕೆ ಹಿಡಿದು ಓಡಿದರು.

ಸೂಚನೆ ಬಿದ್ದುಹೋಯಿತು. ಎನ್ಸಿಯೊ ಉಳಿದರು. ಆದರೆ ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಬೈಗುಳವೆಲ್ಲ ರೈಯಾ ಕಡೆಗೆ ತಿರುಗಿತು. ಒಂದೇ ಊರಿನವರು, ಗೆಳೆಯನನ್ನು ಉಳಿಸಲು ಸುಳ್ಳು ಕಟ್ಟುತ್ತಿದ್ದಾಳೆ ಎಂದರು ಒಂದಷ್ಟು ಜನ. ಎನ್ಸಿಯೊ ಕಡೆಯವರು ಇನ್ನೂ ಕೆಟ್ಟದಾಗಿ ಬೈದರು. ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ಕೇಳಿದರು. ಅಂಗಳ ಗುಡಿಸುವವಳ ಕೈಗೆ ಕಟ್ಟೆ ಕೊಟ್ಟರೆ ಇನ್ನೇನಾಗುತ್ತದೆ ಎಂದು ಬರೆದವನೂ ಇದ್ದ. ಬೀಗದ ಕೈ ಆಗಲೂ ರೈಯಾ ಬಳಿಯೇ ಇತ್ತು. ಒಂದೇ ಒತ್ತಿಗೆ ಎಲ್ಲ ಮಾಯ ಮಾಡಬಹುದಿತ್ತು. ಒಂದನ್ನೂ ಮುಟ್ಟದೆ, ಸಂಜೆ ಬೀಗದ ಕೈಯನ್ನು ಕಟ್ಟೆಯ ಉಳಿದವರಿಗೆ ಒಪ್ಪಿಸಿದರು.

ಅದಾದ ಮೇಲೆ ನೆಲಮಾಳಿಗೆಯ ಕೋಣೆಯಲ್ಲಿ ಕೇಳಿದ್ದು: ಎನ್ಸಿಯೊ ಫೋನು ಮಾಡಿದ್ದರೇ?

"ಮಾಡಿದ್ದ." ರೈಯಾ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ನೇರ ಮಾಡುತ್ತಾರೆ. "ಥ್ಯಾಂಕ್ಸ್ ಹೇಳ್ತಾನೆ ಅಂದ್ಕೊಂಡೆ. ಎಂಥಾ ಮಾನಗೆಟ್ಟವಳು ನೋಡಿ ನಾನು, ಅದನ್ನೂ ನಿರೀಕ್ಷೆ ಮಾಡಿದ್ದೆ. 'ಮೂ... ಮೂರು ದಿನ ಯಾಕೆ ಬೇಕಾಯ್ತು' ಅಂತ ಕೇಳ್ದ. ಆ ಒಂದು ವಾಕ್ಯ ಹೇಳೋಕೆ ಅವನು ಎಷ್ಟು ಕಷ್ಟಪಟ್ಟ! ನನಗೆ ಬಾಯಿ ಸರಿಯಾಗಿದೆ. ಏನೂ ಹೇಳೋಕಾಗ್ಲಿಲ್ಲ. ಅವನೇ ಫೋನಿಟ್ಟ."

ಇನ್ನು ಈ ಲೇಖನ ಬೇಡವೇ ಎಂದು ಕೇಳಿದ್ದಕ್ಕೆ ರೈಯಾ ಮೊದಲ ಸಲ ಮುಖ ಎತ್ತಿ ನೋಡುತ್ತಾರೆ.

"ಬೇಕು. ಹಾಕಿ. ಆದ್ರೆ ಯಾರಿಗೂ ಕಾಣದ ಹಾಗೆ ಕೆಲಸ ಮಾಡೋ ದೊಡ್ಡ ಮನಸ್ಸಿನವಳು ಅಂತ ಮಾತ್ರ ಬರೀಬೇಡಿ. ನಾನು ಮರೆಯಲ್ಲಿ ನಿಂತಿದ್ದು ಭಯಕ್ಕೆ. ಮೂರು ದಿನ ಸುಮ್ಮನಿದ್ದಳು ಅಂತ ಮೊದಲು ಬರೀರಿ. ಸೋಮವಾರದ್ದು ಆಮೇಲೆ ಬರೀರಿ."