ಅತ್ತೆ ಕಲಿಸಿದ ಸೊಪ್ಪಿನ ಪಲ್ಯ

ಹೆಂಡತಿ ಬದುಕಿರುವವರೆಗೂ ಲೇತ್ ಯಂತ್ರದ ಮೇಸ್ತ್ರಿಯ ಜೊತೆ ಅವನ ಅತ್ತೆ ಮುಖ ಕೊಟ್ಟು ಒಂದು ಮಾತಾಡಿದವಳಲ್ಲ. ಮಗಳು ತಾನಾಗಿ ಮೆಚ್ಚಿ ತಂದ ಗಂಡು, ಅದರ ಮೇಲೆ ಕೈಗೆ ಯಾವಾಗಲೂ ಗ್ರೀಸು ಮೆತ್ತಿಕೊಂಡಿರುವವನು, ಅದೇ ಸಿಟ್ಟು. ದೃಷ್ಟಿ ಪೂರ್ತಿ ಹೋದ ಮೇಲೆ ಆಕೆ ಮಗಳ ಮನೆಗೇ ಬಂದು ಇರಬೇಕಾಯಿತು. ಆದರೂ ಹಟ ಬಿಡಲಿಲ್ಲ. ಮೂವರೂ ಒಂದೇ ಕೋಣೆಯಲ್ಲಿದ್ದರೂ, "ಫ್ಯಾನು ಸ್ವಲ್ಪ ಕಮ್ಮಿ ಮಾಡೋಕೆ ನಿನ್ನ ಗಂಡನಿಗೆ ಹೇಳು," ಎನ್ನುವಳು. ಅವನೇನು ಬಿಡುವ ಆಸಾಮಿಯೇ? "ಕಮ್ಮಿ ಮಾಡಿದೀನಿ ಅಂತ ನಿಮ್ಮಮ್ಮನಿಗೆ ಹೇಳು," ಎನ್ನುವನು. "ನಾನೇನು ನಿಮ್ಮಿಬ್ಬರ ಮಧ್ಯೆ ಅಂಚೆಯವಳಾ?" ಎಂದು ಹೆಂಡತಿ ನಗುತ್ತಿದ್ದಳು.

ಒಂದು ಬೆಳಗ್ಗೆ ಬಟ್ಟೆ ಒಣಹಾಕುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಕ್ಕನ ಮಣ್ಣಿಗೆ ಬಂದ ಭಾಮೈದ, "ಭಾವ, ಮನೆ ಕಟ್ಟಿಸ್ತಾ ಇದೀನಿ. ಒಂದು ಕೋಣೆ ಮುಗಿದ ಕೂಡ್ಲೇ ಅಮ್ಮನ್ನ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೆ ಹೇಗಾದ್ರೂ ಸುಧಾರಿಸಿಕೊಳ್ಳಿ," ಎಂದು ಹೇಳಿ ಹೋದ.

ಮನೆಯಲ್ಲಿ ಇಬ್ಬರು ಉಳಿದರು, ಮಾತು ದಾಟಿಸುವವರು ಇರಲಿಲ್ಲ. ಮೇಸ್ತ್ರಿ ಬೆಳಗ್ಗೆ ಹೋಟೆಲಿನಿಂದ ಪೊಟ್ಟಣ ತಂದು, ಅತ್ತೆಯ ಮುಂದೆ ತಟ್ಟೆಯನ್ನು ಕುಕ್ಕಿದಂತೆ ಸದ್ದು ಮಾಡಿ ಇಟ್ಟು ವರ್ಕ್‌ಶಾಪಿಗೆ ಹೋಗುವನು. ಸಂಜೆ ಬಂದು ನೋಡಿದರೆ ಅನ್ನ ಇಟ್ಟದ್ದು ಇಟ್ಟಂತೆಯೇ ಒಣಗಿರುತ್ತಿತ್ತು. ಹೋಟೆಲಿನ ಎಣ್ಣೆ ಆಕೆಯ ಹೊಟ್ಟೆಗೆ ಆಗುತ್ತಿರಲಿಲ್ಲ. ದಿನೇ ದಿನೇ ಆಕೆಯ ಬಳೆ ಮೊಣಕೈಯವರೆಗೆ ಜಾರತೊಡಗಿತು. ಇನ್ನೊಂದು ಹೆಣ ಹೊರಬೇಕಾದೀತೆಂದು ಅವನಿಗೆ ಒಳಗೊಳಗೇ ಭಯ ಹತ್ತಿತು.

ಹೆಂಡತಿ ತನ್ನ ತಾಯಿಗೆ ಏನಿಲ್ಲದಿದ್ದರೂ ಒಂದಿಷ್ಟು ಸೊಪ್ಪು ಬಾಡಿಸಿ ಕೊಡುತ್ತಿದ್ದದ್ದು ಅವನಿಗೆ ನೆನಪಾಯಿತು. ಕೆಲಸ ಬಿಟ್ಟು ಬರುವಾಗ ಸೊಪ್ಪು ಮಾರುವವಳ ಹತ್ತಿರ ಒಂದು ಕಟ್ಟು ಹರಿವೆ ಕೊಂಡ.

"ಹೇಗೆ ಮಾಡೋದಮ್ಮ ಇದನ್ನ?"

"ಅಯ್ಯೋ, ಅದೇನು ಮಹಾ ವಿದ್ಯೆ? ತೊಳಿ, ಹೆಚ್ಚು, ಬೆಳ್ಳುಳ್ಳಿ ಮೆಣಸಿನಕಾಯಿ ಎಣ್ಣೆಗೆ ಹಾಕಿ ಸೊಪ್ಪು ಬಾಡಿಸು. ಅಷ್ಟೇ."

ಆ 'ಅಷ್ಟೇ' ಅವನಿಗೆ ಬಹಳ ದೊಡ್ಡದಾಯಿತು. ಕಬ್ಬಿಣವನ್ನು ಕೂದಲೆಳೆಯಷ್ಟು ತೆಳುವಾಗಿ ಕೆತ್ತುವ ಕೈಗೆ ಎಳೆ ದಂಟು ಸಿಗದೆ ಜಾರುತ್ತಿತ್ತು. ಅತ್ತೆ ಮೊದಲ ತುತ್ತು ಬಾಯಿಗಿಟ್ಟಾಗ ಮರಳು ಕರಕರ ಎಂದದ್ದು ಅವನಿಗೂ ಕೇಳಿಸಿತು. ಆಕೆ ಉಗುಳಲಿಲ್ಲ. ಹಾಗೇ ನುಂಗಿದಳು. ಇನ್ನೊಂದು ತುತ್ತಿಗೆ ಕೈ ಹಾಕಿದಳು. ಅವನ ಮುಖಕ್ಕೆ ಹೊಡೆದಂತಾಯಿತು.

ಮರುದಿನ ನೀರು ಬದಲಿಸಿ ಬದಲಿಸಿ ತೊಳೆದ. ಒಗ್ಗರಣೆ ಚಟಪಟ ಎಂದಿತು, ಸೊಪ್ಪು ಬಾಣಲೆಗೆ ಬಿತ್ತು. ತಳ ಹಿಡಿದೀತೆಂದು ಹೆದರಿ ಅವನು ಕೊಡದಲ್ಲಿ ಲೋಟ ಬುಳಕ್ಕೆಂದು ಅದ್ದಿದನೋ ಇಲ್ಲವೋ, ಒಳಕೋಣೆಯಿಂದ ಕೂಗು ಬಂತು.

"ನೀರು ಹಾಕ್ಬೇಡಿ!"

ಮೇಸ್ತ್ರಿ ಲೋಟ ಹಿಡಿದುಕೊಂಡೇ ನಿಂತುಬಿಟ್ಟ.

"ನನಗಾ ಹೇಳಿದ್ದು?"

"ಇನ್ಯಾರಿದಾರೆ ಇಲ್ಲಿ?" ಎಂದಳು ಅತ್ತೆ. ಅಂದ ಮೇಲೆ ಆ ಮಾತಿನ ಅರ್ಥ ಅವಳಿಗೇ ತಟ್ಟಿರಬೇಕು. ಆಮೇಲೆ ಗೋಡೆ ಸವರಿಕೊಂಡು ಬಂದು ಅಡುಗೆಮನೆಯ ಹೊಸ್ತಿಲ ಬಳಿ ಕೂತಳು. "ಸೊಪ್ಪು ತಾನೇ ನೀರು ಬಿಡತ್ತೆ. ಮುಚ್ಚಬೇಡಿ, ಕಪ್ಪಾಗತ್ತೆ. ಉಪ್ಪು ಈಗ್ಲೇ ಹಾಕಿದ್ರೋ?"

"ಇಲ್ಲ ಅತ್ತೆ."

"ಒಳ್ಳೇದಾಯ್ತು. ಹಸಿ ರಾಶಿ ನೋಡಿ ಉಪ್ಪು ಹಾಕಿದ್ರೆ ಬಾಯಿಗಿಡೋಕಾಗಲ್ಲ. ಕುಗ್ಗಿ ಎಷ್ಟು ಉಳಿಯತ್ತೋ ಅಷ್ಟಕ್ಕೆ ಹಾಕಿ."

ಅಂದಿನಿಂದ ಸೊಪ್ಪು ಸೋಸುವ ಕೆಲಸ ಅತ್ತೆಯದಾಯಿತು. ಹಳದಿ ಎಲೆಯನ್ನು ಬೆರಳ ತುದಿಯಲ್ಲೇ ಗುರುತು ಹಿಡಿಯುತ್ತಿದ್ದಳು. "ಇದೇನು, ನೀವು ಕಣ್ಣಿದ್ದೂ ಹುಳ ಹಿಡಿದಿರೋ ಕಟ್ಟನ್ನೇ ಆರಿಸ್ಕೊಂಡು ಬರ್ತೀರಲ್ಲ!" ಎಂದು ಬೈಯುವಳು. ಬೈಗುಳ ಕೇಳಿ ಮೇಸ್ತ್ರಿಗೆ ಮನೆಯಲ್ಲಿ ದೀಪ ಹಚ್ಚಿದಂತಾಗುತ್ತಿತ್ತು.

ಒಂದು ಸಂಜೆ ಅವನ ಗಮನ ಎಲ್ಲೋ ಹೋಗಿ ಬೆಳ್ಳುಳ್ಳಿ ಸೀದುಹೋಯಿತು. ಇನ್ನೊಮ್ಮೆ ಮಾಡಲು ಸೊಪ್ಪಿರಲಿಲ್ಲ, ಅದನ್ನೇ ಬಡಿಸಿದ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಅಗಿದಳು.

"ಅವಳೂ ಹೀಗೇ ಸೀಸ್ತಿದ್ಳು," ಎಂದಳು. "ದಿನಾ ಬೈತಿದ್ದೆ. ಎಷ್ಟು ಬೈದ್ರೂ ಅವಳದ್ದು ಅದೇ ರಾಗ."

"ನಂಗೆ ಗೊತ್ತು ಅತ್ತೆ. ಬೇಕಂತಲೇ ಸೀಸ್ತಿದ್ದಳು. ಸೀದ ಬೆಳ್ಳುಳ್ಳಿ ಅಂದ್ರೆ ನಂಗಿಷ್ಟ."

ಅತ್ತೆ ಎಂಜಲು ಕೈಯಲ್ಲೇ ಸೆರಗೆತ್ತಿ ಮುಖ ಮುಚ್ಚಿಕೊಂಡಳು. ಮಣ್ಣು ಮಾಡಿದ ದಿನವೂ ಅಳದಿದ್ದ ಮೇಸ್ತ್ರಿ ತಟ್ಟೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಒಬ್ಬರನ್ನೊಬ್ಬರು ಸಮಾಧಾನ ಮಾಡಲು ಹೋಗಲಿಲ್ಲ. ಅತ್ತು ಮುಗಿದ ಮೇಲೆ ತಣ್ಣಗಾದ ಅನ್ನವನ್ನೇ ಉಂಡರು.

ಭಾಮೈದನ ಮನೆ ಮುಗಿಯಿತು. ಹೇಳಿದ ಮಾತಿಗೆ ತಪ್ಪದೆ ಕಾರು ಮಾಡಿಕೊಂಡು ಬಂದ. ಊಟವಾದ ಮೇಲೆ ಅಮ್ಮನ ಬಟ್ಟೆ ಚೀಲಕ್ಕೆ ಕೈ ಹಾಕಿದ.

"ಅಲ್ಲೇ ಇಡೋ," ಎಂದಳು ತಾಯಿ. "ನಾನು ಇಲ್ಲೇ ಇರ್ತೀನಿ."

"ಹಾಗಂದ್ರೆ ಹೇಗಮ್ಮ? ಅಕ್ಕನೇ ಇಲ್ಲ. ಇನ್ನು ಅಳಿಯ ಎಲ್ಲಿಯ ಸಂಬಂಧ? ನಾಲ್ಕು ಜನ ನನಗೆ ಏನಂದಾರು?"

"ಅಳಿಯ ಅಲ್ಲ ಅಂದ್ರೆ ಮಗಳ ಗಂಡ ಅನ್ಕೋ, ಹೋಗು."

ಭಾಮೈದನಿಗೇ ನಗು ತಡೆಯಲಾಗಲಿಲ್ಲ. ಆದರೆ ಮೇಸ್ತ್ರಿ ನಗಲಿಲ್ಲ. "ಮಗ ಪ್ರೀತಿಯಿಂದ ಕರೀತಿದಾನೆ ಅತ್ತೆ. ನನಗೋಸ್ಕರ ಇಲ್ಲಿ ಉಳೀಬೇಡಿ," ಎಂದ.

"ನಿನಗೋಸ್ಕರ ಅಲ್ಲಪ್ಪ," ಎಂದಳು ಮುದುಕಿ. ಅಳಿಯನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಅಲ್ಲಿ ಎಲ್ಲರೂ ನನ್ನನ್ನ ಚೆನ್ನಾಗಿ ನೋಡ್ಕೋತಾರೆ, ಗೊತ್ತು. ಆದ್ರೆ ಅವಳ ಮಾತೆತ್ತಿದ್ರೆ, ಸಾಕು ಬಿಡಮ್ಮ, ಅಳಬೇಡ ಅಂತಾರೆ. ಇಲ್ಲಿ ನೀನು ಹಾಗನ್ನಲ್ಲ."

ಮಗ ಚೀಲ ಕೆಳಗಿಟ್ಟ. ತಿಂಗಳಿಗೊಮ್ಮೆ ತಾನೇ ಬಂದು ನೋಡಿಕೊಂಡು ಹೋಗತೊಡಗಿದ.

ಮುದುಕಿ ಇನ್ನೂ ಕೆಲವು ವರ್ಷ ಬದುಕಿದಳು. ಕೊನೆಗೆ ಹಾಸಿಗೆ ಹಿಡಿದು ಅನ್ನ ಸೇರದಾದಾಗ ಮೇಸ್ತ್ರಿ ಸೊಪ್ಪನ್ನು ಮೆತ್ತಗೆ ಬೇಯಿಸಿ, ಹಿಸುಕಿ, ಚಮಚದಲ್ಲಿ ತಿನ್ನಿಸಿದ. "ಉಪ್ಪು ಸರಿಯಾಗಿದೆ," ಎನ್ನುವಷ್ಟು ಮಾತು ಮಾತ್ರ ಉಳಿದಿತ್ತು. ಒಂದು ಮಧ್ಯಾಹ್ನ ಮಗ ಮತ್ತು ಅಳಿಯ ಇಬ್ಬರೂ ಪಕ್ಕದಲ್ಲಿದ್ದಾಗಲೇ ಕಣ್ಣು ಮುಚ್ಚಿದಳು. ಹೆಗಲು ಇಬ್ಬರೂ ಕೊಟ್ಟರು.

ಮೇಸ್ತ್ರಿ ಈಗಲೂ ಲೇತ್ ಮುಂದೆ ನಿಲ್ಲುತ್ತಾನೆ. ಒಬ್ಬನಿಗೆ ಒಂದು ಕಟ್ಟು ಸೊಪ್ಪು ಹೆಚ್ಚಾಗುತ್ತದೆ; ಮಾರುವವಳು ಅರ್ಧ ಕಟ್ಟು ಕೊಡುವುದಿಲ್ಲ. ಮಾಡಿದ್ದರಲ್ಲಿ ಅರ್ಧವನ್ನು ಕೆಳಗಿನ ಮನೆಯ ದರ್ಜಿಗೆ ಬಟ್ಟಲಲ್ಲಿ ಕೊಟ್ಟು ಬಂದು, ಉಳಿದದ್ದನ್ನು ಬಿಸಿಯಿರುವಾಗಲೇ ಉಣ್ಣುತ್ತಾನೆ.