ಬ್ಲೇಡಕ್ಕನ ಓರೆ ಕೊಯ್ತ

ನಮ್ಮ ಮೆಡಿಕಲ್ ಕಾಲೇಜಿನ ಮಿದುಳು ಸಂಶೋಧನಾ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಟೆಕ್ನಿಷಿಯನ್ ಆಗಿದ್ದವರನ್ನು ನಾವೆಲ್ಲ ಬ್ಲೇಡಕ್ಕ ಎಂದೇ ಕರೆಯುತ್ತಿದ್ದೆವು. ಹೆಸರು ಕೇಳಿ, ಇವರು ಮಾತಿನಲ್ಲೇ ಕೊರೆದು ಸಿಕ್ಕಾಪಟ್ಟೆ ಬ್ಲೇಡ್ ಹಾಕುತ್ತಾರೇನೋ ಎಂದು ಹೆದರಿ ಒಂದು ವಾರ ತಪ್ಪಿಸಿಕೊಂಡು ಓಡಾಡಿದ ಹೊಸ ವಿದ್ಯಾರ್ಥಿಗಳೂ ಉಂಟು. ನಾನೂ ಅವರಲ್ಲಿ ಒಬ್ಬಳು. ನಿಜಕ್ಕೆ ಅಕ್ಕನದು ಅಳೆದು ತೂಗಿ ಆಡುವ ಮಾತು. ಬ್ಲೇಡ್ ಇದ್ದದ್ದು ಅವರ ಯಂತ್ರದಲ್ಲಿ. ಅದನ್ನು ಬೇರೆ ಯಾರಾದರೂ ಮುಟ್ಟಿದರೆ ಮಾತ್ರ ಅವರ ಬಾಯಿ ಜೋರಾಗುತ್ತಿತ್ತು.

ಇಲಿಯ ಮಿದುಳನ್ನು ಹೆಪ್ಪುಗಟ್ಟಿಸಿ, ಕೂದಲಿಗಿಂತ ತೆಳುವಾದ ಹೋಳುಗಳಾಗಿ ಕೊಯ್ಯುವುದು ಅವರ ಕೆಲಸ. ಎದೆಯೆತ್ತರದ ಆ ಯಂತ್ರದೊಳಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ. ಬಲಗೈಯಲ್ಲಿ ಹಿಡಿ ಒಂದು ಸುತ್ತು ತಿರುಗಿಸಿದರೆ, ದೊಡ್ಡ ದ್ರಾಕ್ಷಿಯಷ್ಟಿರುವ ಮಿದುಳು ಬ್ಲೇಡಿನ ಮೇಲೆ ಇಳಿದು ಒಂದು ಹೋಳು ಬರುತ್ತದೆ. ಅದು ಸುರುಳಿ ಸುತ್ತಿಕೊಳ್ಳುವ ಮೊದಲೇ ಎಡಗೈಯ ಸಣ್ಣ ಬ್ರಶ್ಶಿನಿಂದ ಬಿಡಿಸಿ, ಗಾಜಿನ ಸ್ಲೈಡಿಗೆ ಅಂಟಿಸಬೇಕು. ಉಸಿರು ತಾಗಿದರೂ ಹಾಳು. ನಾನು ಪ್ರಯತ್ನಿಸಿದ ದಿನ ಇಪ್ಪತ್ತರಲ್ಲಿ ಹದಿನೇಳು ಹರಿದವು. ಅಕ್ಕನ ಕೈಯಲ್ಲಿ ನಾಲ್ಕುನೂರು ಹೋಳು ಒಂದರ ಹಿಂದೊಂದು ಸಾಲಾಗಿ ಕೂರುತ್ತಿದ್ದವು.

ಈ ಕೈಗುಣ ಮನೆಗೂ ಹೋಗಿತ್ತು. ಅವರ ಗಂಡ ಸಿಟಿ ಬಸ್ ಡ್ರೈವರ್. ಒಮ್ಮೆ ಊಟಕ್ಕೆ ಕರೆದಾಗ ಸೌತೆಕಾಯಿ ಹೋಳೊಂದನ್ನು ಬೆಳಕಿಗೆ ಹಿಡಿದು, "ನೋಡಮ್ಮ, ಇದ್ರಲ್ಲಿ ಆ ಕಡೆ ಇಟ್ಟ ಪೇಪರ್ ಓದ್ಬಹುದು. ಹೊಟ್ಟೆ ಮಾತ್ರ ತುಂಬಲ್ಲ" ಎಂದರು. ಅತ್ತೆಯೋ, ತಮ್ಮ ಸೊಸೆ ಮಿದುಳಿನ ಡಾಕ್ಟರ್ ಎಂದು ಬೀದಿಗೆಲ್ಲ ಹೇಳಿಬಿಟ್ಟಿದ್ದರು.

"ಅತ್ತೆ, ನಾನು ಡಾಕ್ಟರಲ್ಲ. ಅದೂ ಇಲಿ ಮಿದುಳು" ಎಂದು ಅಕ್ಕ ತಿದ್ದಿದರೆ, "ಯಾಕೆ, ಇಲಿಗೆ ತಲೆನೋವು ಬರಲ್ವೇನೇ?" ಎಂದು ಅವರ ಬಾಯಿ ಮುಚ್ಚಿಸಿದರು.

ಆಗ ನನ್ನ ಪಿಎಚ್.ಡಿ.ಯ ನಾಲ್ಕನೆಯ ವರ್ಷ. ಇಲಿ ಮೀಸೆಯಿಂದ ಮುಟ್ಟಿ ಲೋಕವನ್ನು ತಿಳಿಯುತ್ತದೆ. ಅಪರಿಚಿತವಾದದ್ದೇನಾದರೂ ಮೀಸೆಗೆ ತಾಗಿತೋ, ಕಣ್ಣುರೆಪ್ಪೆ ಬಡಿಯುವುದರೊಳಗೆ ಕಲ್ಲಾಗಿ ನಿಂತುಬಿಡುತ್ತದೆ. ಮಿದುಳಿನಲ್ಲಿ ಸ್ಪರ್ಶ ತಿಳಿಯುವ ಜಾಗದಿಂದ ಭಯ ಹುಟ್ಟುವ ಜಾಗಕ್ಕೆ ಸುತ್ತುಬಳಸಿಲ್ಲದ ಒಂದು ನೇರ ದಾರಿ ಇರಬೇಕು ಎಂಬುದು ನನ್ನ ಅಂದಾಜು. ಮೊದಲ ಜಾಗಕ್ಕೆ ಹಸಿರಾಗಿ ಹೊಳೆಯುವ ಬಣ್ಣ ಹಾಕಿದರೆ ನರದ ಎಳೆಗಳು ಅದನ್ನು ತಮ್ಮ ಉದ್ದಕ್ಕೂ ಒಯ್ಯುತ್ತವೆ. ಆಮೇಲೆ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ಹಸಿರು ಎಲ್ಲಿಗೆ ಹೋಗಿದೆ ನೋಡಬೇಕು.

ಎರಡು ವರ್ಷ ನೋಡಿದೆ. ಕಂಡದ್ದು ಬರೀ ಚುಕ್ಕಿಗಳು.

"ಚುಕ್ಕಿ ಸಾಲದು. ಬಣ್ಣ ಸೋರಿದ್ರೂ ಹೀಗೇ ಕಾಣುತ್ತೆ ಅಂತಾರೆ. ನಂಗೆ ದಾರಿ ತೋರಿಸು" ಎಂದರು ನಮ್ಮ ಪ್ರೊಫೆಸರ್ ಮೇಡಂ. ಬಣ್ಣ ಹಾಕಿದ ಮಿದುಳು ಉಳಿದದ್ದು ಇನ್ನು ಒಂದೇ.

ಅವತ್ತು ಮಧ್ಯಾಹ್ನ ಸೂಕ್ಷ್ಮದರ್ಶಕದ ಕತ್ತಲೆ ಕೋಣೆಯಲ್ಲಿ ಮೂಗೊರೆಸಿಕೊಳ್ಳುತ್ತ ಕೂತಿದ್ದೆ. ಅಕ್ಕ ಖಾಲಿ ಟ್ರೇ ಒಯ್ಯಲು ಬಂದವರು ಬಾಗಿಲಲ್ಲೇ ನಿಂತರು.

"ಪುಟ್ಟಿ, ನಾನೊಂದ್ಸಲ ನೋಡ್ಲಾ?"

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಲಕ್ಷಗಟ್ಟಲೆ ಹೋಳು ಕೊಯ್ದು ಕೊಟ್ಟವರನ್ನು, ಬನ್ನಿ, ಇದರಲ್ಲಿ ಏನು ಕಾಣುತ್ತಿದೆ ನೋಡಿ ಎಂದು ನಾವ್ಯಾರೂ ಕರೆದಿರಲಿಲ್ಲ. ಕುರ್ಚಿ ಬಿಟ್ಟುಕೊಟ್ಟೆ. ಅವರು ಕಣ್ಣಿಟ್ಟವರು ಐದು ನಿಮಿಷ ಅಲುಗಲಿಲ್ಲ.

"ಇದು ಅಡ್ಡ ಕೊಯ್ದ ಮರದ ಥರ ಇದೆಯಲ್ಲೇ!"

ಅಕ್ಕನ ತಂದೆ ಬಡಗಿಯಂತೆ. ಮದುವೆಯಾಗುವ ತನಕ ಅಕ್ಕ ಅವರ ಕಾರ್ಖಾನೆಯಲ್ಲಿ ಗರಗಸ ಹಿಡಿದವರೇ. "ಮರದ ಎಳೆಗೆ ಅಡ್ಡವಾಗಿ ಕೊಯ್ದರೆ ತುದಿಯಲ್ಲಿ ಚುಕ್ಕಿ ಚುಕ್ಕಿ ಕಾಣುತ್ತೆ. ಎಳೆ ಹೋದ ಹಾಗೇ ಕೊಯ್ದರೆ ಉದ್ದಕ್ಕೆ ಗೆರೆ ಕಾಣುತ್ತೆ. ಮರ ಒಂದೇ, ಎಳೆ ಒಂದೇ. ನಿನ್ನ ದಾರಿ ಓರೆಯಾಗಿ ಹೋಗ್ತಿದ್ರೆ? ನಾನು ನೆಟ್ಟಗೆ ಕೊಯ್ದು ಪ್ರತೀ ಸಲ ಅದನ್ನ ತುಂಡು ಮಾಡ್ತಾ ಇದ್ರೆ?"

ನಾನು ಕರವಸ್ತ್ರ ಬದಿಗಿಟ್ಟೆ. "ಅಕ್ಕ, ಎಷ್ಟು ಓರೆ ಅಂತ ಹೇಗೆ ಗೊತ್ತಾಗೋದು?"

"ಹಳೇ ಸ್ಲೈಡೆಲ್ಲ ಕ್ರಮವಾಗಿ ಇಟ್ಟಿದ್ದೀನಲ್ಲ. ಚುಕ್ಕಿ ಒಂದು ಹೋಳಿಂದ ಇನ್ನೊಂದಕ್ಕೆ ಎಷ್ಟು ಜರುಗಿದೆ ಅಳೆಯೋಣ."

ಮೂರು ದಿನ ಊಟದ ಬಿಡುವಿನಲ್ಲಿ ಇಬ್ಬರೂ ಅಳೆದೆವು. ನಾನು ಕಣ್ಣಿಟ್ಟು ಅಂಕಿ ಕೂಗುತ್ತಿದ್ದೆ, ಅವರು ಗ್ರಾಫ್ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದರು. ಎಂಬತ್ತು ಗುರುತು ಮುಗಿಯುವ ಹೊತ್ತಿಗೆ ಚುಕ್ಕಿಗಳು ಒಂದು ಓರೆ ಸಾಲಿನಲ್ಲಿ ನಿಂತಿದ್ದವು. ಸೋರಿದ ಬಣ್ಣ ಹೀಗೆ ಶಿಸ್ತಿನಿಂದ ಸಾಲು ಹಿಡಿಯುತ್ತದೆಯೇ? ಅಕ್ಕ ಕೋನಮಾಪಕ ಇಟ್ಟರು. ಮೂವತ್ತೆಂಟು ಡಿಗ್ರಿ.

ಮೇಡಂ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇರೋದೊಂದೇ ಮಿದುಳು. ಕೋನ ತಪ್ಪಿದ್ರೆ ಇನ್ನೊಂದು ತಯಾರಾಗೋಕೆ ಮತ್ತೆ ಎಂಟು ತಿಂಗಳು."

"ತಪ್ಪಬಹುದು ಮೇಡಂ," ಎಂದರು ಅಕ್ಕ. "ಆದ್ರೆ ನೆಟ್ಟಗೆ ಕೊಯ್ದರೆ ಮತ್ತೆ ಚುಕ್ಕಿನೇ. ಅದಂತೂ ಗ್ಯಾರಂಟಿ."

ಮೇಡಂಗೆ ನಗು ತಡೆಯಲಾಗಲಿಲ್ಲ. "ಸರಿ, ಕೊಯ್ಯಿರಿ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಅಕ್ಕ ಕೈಗವಸು ಹಾಕಿದರು. ಯಂತ್ರದಲ್ಲಿ ಮಿದುಳು ಕೂರಿಸುವ ಪೀಠದ ತಿರುಪು ಸಡಿಲಿಸಿ, ಕೋನಮಾಪಕ ಹಿಡಿದು ಓರೆ ಮಾಡಿ, ಮತ್ತೆ ಬಿಗಿದರು. ಮೊದಲ ಹೋಳುಗಳು ಅಂಕುಡೊಂಕಾಗಿ ಬಂದವು. ಇಂಥ ಆಕಾರದ ಹೋಳನ್ನು ನಾವು ಯಾರೂ ನೋಡಿರಲಿಲ್ಲ. ಯಾವುದು ಎಲ್ಲಿಯದೆಂದೇ ತಿಳಿಯದು. ಆರು ಸ್ಲೈಡು ತುಂಬಿದಾಗೆಲ್ಲ ನಾನು ಟ್ರೇ ಹಿಡಿದು ಎದುರಿನ ಕತ್ತಲೆ ಕೋಣೆಗೆ ಓಡುತ್ತಿದ್ದೆ. ಏನೂ ಇಲ್ಲ. ಮತ್ತೆ ಓಡಿದೆ. ಏನೂ ಇಲ್ಲ. ನೂರನೆಯ ಹೋಳಿನ ಹತ್ತಿರ ಎರಡು ಹರಿದವು. ಅಕ್ಕ ತುಟಿ ಕಚ್ಚಿ, ಬ್ಲೇಡನ್ನು ಒಂದಿಷ್ಟು ಪಕ್ಕಕ್ಕೆ ಜರುಗಿಸಿ, ಹೊಸ ಅಂಚಿನಲ್ಲಿ ಮುಂದುವರಿಸಿದರು.

ನೂರ ಮೂವತ್ತೊಂದನೆಯ ಹೋಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಕಪ್ಪು ಹಿನ್ನೆಲೆಯ ಒಂದು ಮೂಲೆಯಲ್ಲಿ ಬಣ್ಣ ಹಾಕಿದ ಜಾಗ ದೀಪದಂತೆ ಉರಿಯುತ್ತಿತ್ತು. ಅಲ್ಲಿಂದ ಹೊರಟಿತ್ತು ಒಂದು ಹಸಿರು ಗೆರೆ. ಎಲ್ಲೂ ಕಡಿಯದೆ, ಸ್ವಲ್ಪ ಬಾಗಿ, ಇಡೀ ಹೋಳನ್ನು ದಾಟಿ, ಭಯದ ಜಾಗದ ಒಳಗೇ ಹೋಗಿ ಬೇರಿನಂತೆ ಹರಡಿತ್ತು.

ನಾನು ಕೂಗಿದ್ದು ಮೂರನೆಯ ಮಹಡಿಗೆ ಕೇಳಿಸಿತಂತೆ. ಮೇಡಂ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿಬಂದರು. ನೋಡಿದರು. "ಅಯ್ಯೋ, ಅಯ್ಯೋ, ಅಯ್ಯೋ" ಎಂದರು. ಅಷ್ಟು ಪೇಪರ್ ಬರೆದವರಿಗೆ ಬೇರೆ ಪದ ಸಿಗಲಿಲ್ಲ.

"ಅಕ್ಕಾ! ಗೆರೆ! ಬನ್ನಿ!" ಎಂದು ನಾನು ಕೊಯ್ಯುವ ಕೋಣೆಗೆ ನುಗ್ಗಿದರೆ, ಅವರು ತಲೆಯೆತ್ತಲೇ ಇಲ್ಲ. ಬ್ರಶ್ಶು ಹಿಡಿದ ಕೈ ಸ್ಥಿರವಾಗಿತ್ತು, ಕಣ್ಣಿನಲ್ಲಿ ಮಾತ್ರ ನೀರು.

"ಬಿಟ್ಟು ಹೇಗೆ ಬರ್ಲೇ? ಇನ್ನೂ ಬರ್ತಾ ಇದೆ. ನೀನು ಸ್ಲೈಡ್ ಒಯ್ಯಿ, ಓಡು!"

ಪೂರ್ತಿ ಮುಗಿಸಿ, ಬ್ಲೇಡು ತೆಗೆದಿಟ್ಟು, ಕೈ ತೊಳೆದೇ ಅವರು ಬಂದದ್ದು. ಅಷ್ಟು ಹೊತ್ತಿಗೆ ಕತ್ತಲೆ ಕೋಣೆಯ ಬಾಗಿಲಲ್ಲಿ ಇಡೀ ವಿಭಾಗ ನೆರೆದಿತ್ತು. ಎಲ್ಲರೂ ದಾರಿ ಬಿಟ್ಟರು. ಅಕ್ಕ ನೋಡುತ್ತ ನೋಡುತ್ತ ಮೆಲ್ಲಗೆ ನಗತೊಡಗಿದರು. ಆ ನಗು ಎಲ್ಲರಿಗೂ ಹತ್ತಿ, ಕಾರಣವಿಲ್ಲದೆ ಎಲ್ಲರೂ ನಕ್ಕೆವು.

ಪ್ರಬಂಧ ಪ್ರಕಟವಾದಾಗ ಲೇಖಕರ ಸಾಲಿನಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಅಕ್ಕನದಿತ್ತು. ಕಾಲೇಜಿನ ಸಭಾಂಗಣದಲ್ಲಿ ಕೊಯ್ತದ ಬಗ್ಗೆ ಅವರೇ ಮಾತಾಡಬೇಕೆಂದು ಮೇಡಂ ಹಠ ಹಿಡಿದರು. ಅಕ್ಕನ ಗಂಡ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕೂತಿದ್ದರು. ಮೊದಲೆರಡು ನಿಮಿಷ ಅಕ್ಕ ಬರೆದು ತಂದ ಚೀಟಿಯನ್ನೇ ಓದಿದರು. ಆಮೇಲೆ ಅವರು ಯಂತ್ರದ ಚಿತ್ರ ತೋರಿಸಿ ತಿರುಪಿನ ವಿಷಯಕ್ಕೆ ಬಂದದ್ದೇ ತಡ, ಅಷ್ಟು ವರ್ಷದ ಮಾತೆಲ್ಲ ಒಟ್ಟಿಗೆ ಹೊರಬಂತು. ಹಿರಿಯ ಪ್ರೊಫೆಸರೊಬ್ಬರು ಎದ್ದು, "ಈ ಕೋನವನ್ನ ಎಲ್ಲಿ ಓದಿದ್ರಿ?" ಎಂದು ಕೇಳಿದರು.

"ಓದ್ಲಿಲ್ಲ ಸರ್. ಅಳೆದೆ."

ಚಪ್ಪಾಳೆ ಮೊದಲು ಶುರುವಾದದ್ದು ಬಸ್ ಡ್ರೈವರ್ ಕೂತ ಕಡೆಯಿಂದ.

ಅಂದಿನಿಂದ ಕತ್ತಲೆ ಕೋಣೆಯಲ್ಲಿ ಅಕ್ಕನಿಗೂ ಒಂದು ಕುರ್ಚಿ. ಬೇರೆ ವಿಭಾಗದವರು ಕೊಯ್ಯುವುದನ್ನು ಕಲಿಯಲು ಸರದಿ ನಿಂತರು. ಮೊನ್ನೆ ಸೋಮವಾರ, ನಾನು ಚೀಲವನ್ನೂ ಕೆಳಗಿಟ್ಟಿರಲಿಲ್ಲ, ಅಕ್ಕ ತೋಳು ಹಿಡಿದು ಸೂಕ್ಷ್ಮದರ್ಶಕದ ಹತ್ತಿರ ಎಳೆದುಕೊಂಡು ಹೋದರು.

"ನೋಡಿಲ್ಲಿ. ಗೆರೆಯಿಂದ ಒಂದು ಸಣ್ಣ ಕವಲು ಕೆಳಕ್ಕೆ ಇಳೀತಿದೆ. ಇದೆಲ್ಲಿಗೆ ಹೋಗುತ್ತೆ?"

ನೋಡಿದೆ. ಕೂದಲೆಳೆಯಂಥ ಹಸಿರು, ಹೋಳಿನ ಅಂಚಿನಲ್ಲಿ ಕಣ್ಮರೆಯಾಗುತ್ತಿತ್ತು. "ಗೊತ್ತಿಲ್ಲ ಅಕ್ಕ. ಪುಸ್ತಕದಲ್ಲೂ ಇಲ್ಲ. ಇನ್ನೂ ಯಾರಿಗೂ ಗೊತ್ತಿಲ್ಲ."

"ಯಾರಿಗೂ?" ಎಂದರು ಬ್ಲೇಡಕ್ಕ. ಕಣ್ಣು ಅರಳಿತ್ತು, ಕೈ ಆಗಲೇ ಗ್ರಾಫ್ ಹಾಳೆ ಹುಡುಕುತ್ತಿತ್ತು.