ಗೇಟಿನಾಚೆಯ ಚಹಾ, ಹೊಡೆದುಹಾಕಿದ ಸಹಿ

ತೆಲುಗು ನಾಡಿನ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ನಾನು ಉತ್ಪಾದನಾ ವಿಭಾಗದ ಮ್ಯಾನೇಜರ್ ಆದಾಗ, ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ನಾನೇ ಎಂದು ಎಲ್ಲರೂ ಹೇಳಿದರು. ಅಭಿನಂದನೆಯೋ ಎಚ್ಚರಿಕೆಯೋ, ವಿಚಾರಿಸಲಿಲ್ಲ. ಆರು ತಿಂಗಳು ಪ್ರೊಬೇಷನ್. ಅಷ್ಟರಲ್ಲಿ ನನ್ನ ಸಹಿಯಿದ್ದ ಒಂದು ಬ್ಯಾಚ್ ಕೆಟ್ಟರೂ ಕೆಲಸ ಹೋಗುತ್ತದೆಂದು ನಂಬಿದ್ದೆ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಪಾಳಿ ಬದಲಾಗುವಾಗ ಹೋಗುವವರು ಬರುವವರಿಗೆ ಕೆಲಸ ಒಪ್ಪಿಸಲು ಒಂದು ರಿಜಿಸ್ಟರ್ ಇತ್ತು. ಅದರಲ್ಲಿ ದಿನವೂ ಒಂದೇ ಸಾಲು: 'ಎಲ್ಲ ನಾರ್ಮಲ್.' ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಔಷಧದ ಪುಡಿ ಒಣಗಿಸುವ ಮೂರನೇ ಡ್ರೈಯರ್‌ನ ಹಾಳೆ ಸಹಿಗೆ ಬಂತು. ಗಂಟೆಗೊಮ್ಮೆ ನೋಡಿ ಬರೆಯಬೇಕಾದ ತಾಪಮಾನ ಎಂಟೂ ಗಂಟೆ ಅರವತ್ತು ಡಿಗ್ರಿ. ಒಂದೇ ಪೆನ್ನು, ಅಕ್ಷರಕ್ಕೆ ಒಂದೇ ವಾಲು. ಹಾಳೆ ತಂದಿದ್ದ ಬೀದರ ಕಡೆಯ ಸೂಪರ್‌ವೈಸರ್ ನನ್ನ ತಂದೆಯ ವಯಸ್ಸಿನವರು. ನನ್ನೊಡನೆ ಕನ್ನಡವನ್ನೇ ಆಡುತ್ತಿದ್ದರು.

"ಇದು ಒಂದೇ ಸಲ ಕೂತು ಬರೆದದ್ದಾ?" ಎಂದೆ.

"ಮೀಟರ್ ಅರವತ್ತೇ ತೋರ್ಸಾಕತ್ತೈತ್ರಿ ಮೇಡಂ. ನಾ ಅರವತ್ತೊಂದು ಅಂತ ಬರದ್ರ ನಿಮಗ ಸಮಾಧಾನ ಆಗ್ತೈತೇನ್ರಿ?"

ಹಿಂದೆ ಯಾರೋ ನಕ್ಕರು.

ಮರುದಿನ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಗೇಟಿನಾಚೆಯ ಚಹಾದಂಗಡಿಗೆ ಹೋದೆ. ಎರಡೂ ಪಾಳಿಯವರು ಅಲ್ಲೇ ಇದ್ದರು. ಒಬ್ಬ ಬೀಡಿಯನ್ನು ಬೆನ್ನ ಹಿಂದೆ ಮರೆಮಾಡಿದ.

"ಮೇಡಂಗ ಒಂದು ಅಲ್ಲಂ ಚಾಯ್ ಕೊಡಪಾ," ಎಂದರು ಸೂಪರ್‌ವೈಸರ್. ಆ ಶುಂಠಿ ಚಹಾ ಕೈಗೆ ಬರುವಷ್ಟರಲ್ಲಿ, ನಾನು ಕೇಳುವ ಮೊದಲೇ, ಅವರೇ ಹೇಳಿದರು. "ಆ ಮೀಟರ್ ಕೆಟ್ಟು ಮೂರು ವಾರ ಆತ್ರಿ. ಸುಟ್ರೂ ಅರವತ್ತು, ಆರಿದ್ರೂ ಅರವತ್ತು. ಅವತ್ತೇ ನಿಮ್ಮ ಅಸಿಸ್ಟೆಂಟ್ ಸಾಹೇಬ್ರಿಗೆ ಇಲ್ಲೇ ಹೇಳೀವ್ರಿ."

"ನನಗೇಕೆ ಹೇಳಲಿಲ್ಲ?"

"ನೀವು ಚಹಾಕ್ಕ ಬರಂಗಿಲ್ಲಲ್ರಿ."

"ರಿಜಿಸ್ಟರ್‌ನಲ್ಲಿ ಬರೆಯಬಹುದಿತ್ತು."

"ಬರದ್ರ ಮಷಿನ್ ನಿಲ್ಲಿಸಬೇಕಾಗ್ತೈತಿ. ನಿಲ್ಲಿಸಿದಾಂವ ಯಾರು ಅಂತ ಮ್ಯಾಲಿನವರು ಕೇಳ್ತಾರ್ರಿ."

ಪಾಳಿಯ ನಿಜವಾದ ವರದಿಯನ್ನು ಒಪ್ಪಿಸುತ್ತಿದ್ದುದು ಚಹಾದಂಗಡಿಯಲ್ಲಿ. ಹಿಂದಿನ ಮ್ಯಾನೇಜರುಗಳೂ ಅಲ್ಲೇ ನಿಂತು ಕೇಳುತ್ತಿದ್ದರಂತೆ. ಅಸಿಸ್ಟೆಂಟ್ ನನಗೆ ತಿಳಿಸಲು ಮರೆತನೋ, ಮರೆತಂತೆ ಇದ್ದನೋ ಗೊತ್ತಿಲ್ಲ.

ಈ ಕಥೆಯನ್ನು ಹಲವು ಸಲ ಹೇಳಿದ್ದೇನೆ. ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರೆದುರೂ ಹೇಳಿದೆ: ಹಾಳೆ ನೋಡಿದ ಕೂಡಲೇ ಬ್ಯಾಚ್ ತಡೆಹಿಡಿದೆ, ಆಮೇಲೆ ಚಹಾದಂಗಡಿಗೆ ಹೋದೆ. ಮೊನ್ನೆ ಹಳೆಯ ಡೈರಿ ಸಿಕ್ಕಿತು. ಆ ಮಧ್ಯಾಹ್ನದ ಪುಟದಲ್ಲಿದೆ: 'ಮೂರನೇ ಡ್ರೈಯರ್, ಸಹಿ ಮಾಡಿಕೊಟ್ಟೆ. ಮನಸ್ಸು ಸರಿಯಿಲ್ಲ.' ಮರುದಿನ: 'ಸಹಿ ಹೊಡೆದುಹಾಕಿದೆ. ಬ್ಯಾಚ್ ನಿಲ್ಲಿಸಿದೆ.'

ಆ ನಗುವಿಗೆ ಅಂಜಿಯೇ ಸಹಿ ಮಾಡಿದ್ದಿರಬೇಕು. ನಮ್ಮ ಔಷಧ ಕಾರ್ಖಾನೆಗಳಲ್ಲಿ ಬರೆದ ತಪ್ಪನ್ನು ಅಳಿಸುವಂತಿಲ್ಲ. ಕೆಳಗಿನದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಖು, ವೇಳೆ ಹಾಕಬೇಕು. ಹಾಗಾಗಿ ಆ ಹಾಳೆಯಲ್ಲಿ ಸಹಿ, ಗೆರೆ ಎರಡೂ ಉಳಿದಿವೆ. ನನ್ನ ನೆನಪಿನಲ್ಲಿ ಮಾತ್ರ ಬ್ಯಾಚ್ ತಡೆದದ್ದೊಂದೇ ಉಳಿದಿತ್ತು.

ಲ್ಯಾಬಿನಲ್ಲಿ ಪುಡಿ ಸುಟ್ಟಿದೆಯೆಂದು ತಿಳಿಯಿತು. ತಿಂಗಳುಗಳ ನಂತರ ನನ್ನ ಕೆಲಸ ಖಾಯಂ ಆಯಿತು. ಬ್ಯಾಚ್ ನಿಲ್ಲಿಸಿದ ಧೈರ್ಯವನ್ನು ಮೇಲಧಿಕಾರಿ ಮೆಚ್ಚಿದರು. ಆ ಗೆರೆಯ ಕೆಳಗಿನದನ್ನು ಅವರು ಓದಿರಲಿಲ್ಲವೇನೋ. ಸೂಪರ್‌ವೈಸರ್ ಓದಿದ್ದರು, ನಾನು ಗೆರೆ ಎಳೆಯುವಾಗ ಪಕ್ಕದಲ್ಲೇ ನಿಂತಿದ್ದರು. ಆ ಮಾತನ್ನು ಅವರು ಎಂದೂ ಎತ್ತಲಿಲ್ಲ. ದಿನವೂ ಬೆಳಿಗ್ಗೆ ನನ್ನ ಹೆಸರಿನ ಚಹಾ ಹೇಳಿಡುತ್ತಿದ್ದರು, ಕಾಸು ಕೊಡಹೋದರೆ ತೆಗೆದುಕೊಳ್ಳುತ್ತಿರಲಿಲ್ಲ. ಏಕೆಂದು ನಾನು ಕೇಳಲಿಲ್ಲ.